ಹಲ್ಲಿ ನುಡಿದ ಸಂಜೆ

ಮದುವೆಯಾಗಿ ನಾನು ಬಂದ ಕೆ.ಆರ್. ಪೇಟೆಯ ಮನೆಯಲ್ಲಿ ಹಲ್ಲಿಯನ್ನು ಕೇಳದೆ ಎಮ್ಮೆಯನ್ನೂ ಮಾರುತ್ತಿರಲಿಲ್ಲ. ಯಾರಾದರೂ ಮಾತಾಡುವಾಗ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಎಲ್ಲರೂ ಬೆರಳಿನಿಂದ ನೆಲ ತಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಿದ್ದರು. ಅಲ್ಲಿಗೆ ಆ ಮಾತು ಸತ್ಯ, ವಾದ ಮುಗಿಯಿತು. ಇಂಥ ಮನೆಗೆ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಸೊಸೆ ನಾನು.

ತೊಂಬತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿದ್ದ ನನ್ನ ಮೇಷ್ಟ್ರು ಸಂಶೋಧನೆಗೆ ಸೇರಿಕೋ ಎಂದು ಹೇಳಿಕಳುಹಿಸಿದ್ದರು. ವಿಷಯ, ನಮ್ಮ ಸೀಮೆಯ ಮನೆಹಲ್ಲಿಗಳು. ಜನಕ್ಕೆ ಹಲ್ಲಿ ಅಂದರೆ ಹಲ್ಲಿ, ಅಷ್ಟೆ. ಆದರೆ ಅಂಗಾತ ಹಿಡಿದು ಬೆರಳಿನಡಿಯ ಪಟ್ಟಿಗಳನ್ನೂ ಗಂಡಿನ ತೊಡೆಯ ಚುಕ್ಕೆಸಾಲನ್ನೂ ಎಣಿಸಿದರೆ ಒಂದೇ ಗೋಡೆಯಲ್ಲಿ ಎರಡು ಮೂರು ಜಾತಿ ಸಿಕ್ಕಾವು. ಕಣ್ಣಿಗೆ ಒಂದೇ ಥರ ಕಂಡು ವಂಶವಾಹಿಯಲ್ಲಿ ಬೇರೆಯಾಗಿರುವುದೂ ಉಂಟು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಲ್ಲಿಯೂ ನಾಗಮಂಗಲದ ಕಲ್ಲುಗೋಡೆಯ ಹಲ್ಲಿಯೂ ಒಂದೇ ವಂಶವೇ? ಪಾಂಡವಪುರದ ಬೆಲ್ಲದ ಲಾರಿಗಳಲ್ಲಿ ಕೂತು ಊರೂರು ಸೇರಿ ಬೆರೆತಿವೆಯೇ? ಬಾಲದ ತುದಿಯ ಚೂರು ಸಿಕ್ಕರೆ ಪರೀಕ್ಷೆಗೆ ಸಾಕಿತ್ತು. ಪಾಂಡವಪುರ ನನ್ನ ತವರು. ಈ ಕೆಲಸ ನನಗೇ ಅಂತ ಎತ್ತಿಟ್ಟ ಹಾಗಿತ್ತು. ತಿಂಗಳೊಳಗೆ ಸೇರಬೇಕಿತ್ತು.

"ಮನೆ ಸೊಸೆ ಊರೂರು ಅಲೆದು ಹಲ್ಲಿ ಇಡಿಯಾದಾ? ಬ್ಯಾಡ ಕಣವ್ವಾ," ಎಂದರು ಮಾವ. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಹಲ್ಲಿಗಿದ್ದ ಲಾರಿ ನನಗಿರಲಿಲ್ಲ. ಅಡುಗೆಮನೆ, ಹಿತ್ತಿಲು, ಮತ್ತೆ ಅಡುಗೆಮನೆ.

ಹಟ ಹಿಡಿದು ನಡುಮನೆಯ ಗೋಡೆ ನೋಡತೊಡಗಿದೆ. ಕ್ಯಾಲೆಂಡರಿನ ಹಿಂದೆ ಒಂದು ಗಂಡುಹಲ್ಲಿ ಇತ್ತು. ಸಂಜೆ ಕರೆಂಟು ಬಂದು ಟ್ಯೂಬ್‌ಲೈಟು ಹೊತ್ತಿಕೊಂಡರೆ ಹುಳದ ಆಸೆಗೆ ಇನ್ನೊಂದು ಗಂಡು ಆ ತುದಿಯಿಂದ ಬರುತ್ತಿತ್ತು. ಅದನ್ನು ಬೆದರಿಸಲು ಇದು ಲೊಚಗುಟ್ಟುತ್ತಿತ್ತು. ಅಷ್ಟೇ ಸಂಗತಿ.

ಒಂದು ಸಂಜೆ ಎಲ್ಲರೂ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಕರೆಂಟು ಬಂತು. ಆ ಇನ್ನೊಂದು ಗಂಡು ತಲೆ ಹಾಕಿದ್ದನ್ನು ನೋಡಿಕೊಂಡೇ ಬಾಯಿಬಿಟ್ಟೆ.

"ಮಾವ, ನಾನು ಮೈಸೂರಿಗೆ ಹೋದ್ರೆ ಎಲ್ರಿಗೂ ಒಳ್ಳೇದಾಯ್ತದೆ."

ಹಲ್ಲಿ ಲೊಚಗುಟ್ಟಿತು. ಅತ್ತೆ ನೆಲ ತಟ್ಟಿದರು, ಗಂಡನೂ ತಟ್ಟಿದ. ಗೆದ್ದೆ ಎಂದುಕೊಂಡೆ. ಮಾವ ನಿಧಾನವಾಗಿ ತಟ್ಟಿ ನನ್ನ ಕಡೆ ತಿರುಗಿದರು.

"ನೀನು ಮಾತಾಡ್ತಿದ್ದಾಗ ನಾನು ಮನ್ಸಲ್ಲಿ ಬ್ಯಾಡವೇ ಬ್ಯಾಡ ಅಂದ್ಕತಿದ್ದೆ ಕಣವ್ವಾ. ಅದುಕ್ಕೇ ನುಡೀತು."

ಹಲ್ಲಿ ಕೂಗುವುದು ಹಲ್ಲಿಗೆ, ನಮಗಲ್ಲ ಎಂದು ಹೇಳೋಣವೆಂದರೆ ಅದನ್ನು ಸಾಕ್ಷಿಗೆ ಕರೆದವಳೇ ನಾನು. ಸಿಟ್ಟು, ಅವಮಾನ ಎರಡನ್ನೂ ನುಂಗಿಕೊಂಡು ಅವರೆಸಿಪ್ಪೆ ಬಾಚಿಕೊಂಡು ಕೊಟ್ಟಿಗೆಗೆ ಹೋದೆ.

ಮೈಸೂರಿನಲ್ಲಿ ನನಗಿದ್ದ ಜಾಗಕ್ಕೆ ಒಬ್ಬ ಯುವಕ ಸೇರಿಕೊಂಡ. ಮುಂದಿನ ಬೇಸಿಗೆಯಲ್ಲಿ ಹಲ್ಲಿ ಹುಡುಕುತ್ತ ಅವನು ನಮ್ಮ ಮನೆಗೇ ಬಂದ. ಊರೂರು ಅಲೆದು ಹಲ್ಲಿ ಹಿಡಿಯುವ ಗಂಡಸಿಗೆ ಮಾವ ತಾವೇ ಏಣಿ ಹಿಡಿದು ನಿಂತರು. ಅವನು ಒಂದನ್ನು ಅಂಗಾತ ಹಿಡಿದು ಅದರ ಜಾತಿ ಗುರುತಿಸುವುದು ಹೇಗೆಂದು ವಿವರಿಸಿದ. ಮನೆಯವರೆಲ್ಲ ಬೆರಗಾಗಿ ಕೇಳಿದರು. ನಾನು ಕಾಫಿ ತಂದೆ.

"ನಮ್ ಸೊಸೇನೂ ಇದ್ನೇ ಓದವ್ಳೆ," ಎಂದರು ಮಾವ, ಹೆಮ್ಮೆಯಿಂದಲೇ.

"ಹೌದಾ? ಈಗೇನ್ಮಾಡ್ತಿದ್ದೀರಿ ಮೇಡಂ?" ಎಂದು ಅವನು ಕೇಳಿದ.

"ಮನೇಲಿದೀನಿ," ಎಂದೆ. "ಕಾಫಿ ಆರೋಯ್ತದೆ, ತಗೊಳ್ಳಿ."