ಚಂದ್ರು ಇಳಿಯುತ್ತಿದ್ದ ಕ್ರಾಸ್

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ನಂಬಿದವಳಲ್ಲ. ಮೈಗೆ ಏನೂ ಆಗದೆ, ಬರೀ ಭಯಕ್ಕೇ ಒಬ್ಬ ಮನುಷ್ಯನ ಎದೆ ಹಿಡಿದುಕೊಳ್ಳುತ್ತದೆ ಎಂಬುದನ್ನೂ ನಂಬಿರಲಿಲ್ಲ. ಶಿಕಾರಿಪುರದಲ್ಲಿ ಬ್ಲೌಸ್ ಹೊಲಿದು ಬದುಕುವವಳು ನಾನು. ಟೇಪು ಹಿಡಿದು ಅಳೆಯಲು ಬಾರದ್ದೆಲ್ಲ ನನ್ನ ಕಣ್ಣಿಗೆ ನಾಟಕವಾಗಿಯೇ ಕಾಣುತ್ತಿತ್ತು. ಆ ಗರ್ವ ಈಗ ಉಳಿದಿಲ್ಲ. ಅದು ಹೇಗೆ ಇಳಿಯಿತು ಎಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ತಮ್ಮ ಚಂದ್ರು ಸೊರಬದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದ. ಒಂದು ದಿನ ಶಿರಾಳಕೊಪ್ಪ ದಾಟಿದ ಮೇಲೆ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ, ಅವನ ಎದೆ ಡವಡವ ಹೊಡೆದುಕೊಳ್ಳತೊಡಗಿತಂತೆ. ಬೆರಳುಗಳು ಜುಮುಗುಟ್ಟಿ ಸೆಟೆದುಕೊಂಡವಂತೆ. ಗಂಟಲು ಕಟ್ಟಿ, ಇನ್ನೇನು ಸತ್ತೆ ಎನ್ನಿಸಿ, ಮುಂದಿನ ಕ್ರಾಸಿನಲ್ಲಿ ಇಳಿದುಬಿಟ್ಟನಂತೆ. ಆ ಕ್ರಾಸಿನ ಹೆಸರು ಬೇಡ. ಆಮೇಲೆ ವಾರಕ್ಕೆರಡು ಸಲ ಅದೇ ಜಾಗದಲ್ಲಿ ಅದೇ ಪಾಡು. ಇಳಿಯುವುದು, ಅರ್ಧ ಗಂಟೆ ಕೂರುವುದು, ಹಿಂದಿನ ಬಸ್ಸು ಬಂದರೆ ಹತ್ತುವುದು. ಇಸಿಜಿ ಮಾಡಿಸಿದೆವು, ಏನೂ ಇರಲಿಲ್ಲ. ಶಿವಮೊಗ್ಗದ ಡಾಕ್ಟರೊಬ್ಬರು ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ, ಇದರಿಂದ ಜೀವ ಹೋಗುವುದಿಲ್ಲ, ಆದರೆ ಹೋಗುತ್ತದೆ ಎಂದು ಅವನಿಗೆ ಅನ್ನಿಸುವುದು ಸುಳ್ಳಲ್ಲ, ಬಂದಾಗ ಯಾರಾದರೂ ಪಕ್ಕದಲ್ಲಿ ಕೂತು ನಿಧಾನವಾಗಿ ಉಸಿರಾಡಿಸಿ ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ನಾನು, "ಏನೂ ಇಲ್ಲ ಅನ್ನಸ್ಕಳಕ್ಕೆ ಇಷ್ಟ್ ದೂರ ಬರಬೇಕಿತ್ತೇನೋ" ಎಂದು ಅವನನ್ನು ಬೈದೆ. ಅವನು ತಲೆ ತಗ್ಗಿಸಿ ನಕ್ಕ.

ಅವ್ವನ ಲೆಕ್ಕವೇ ಬೇರೆ. ಪದೇ ಪದೇ ಒಂದೇ ಕಡೆ ಆಗುತ್ತದೆಂದರೆ ಅಲ್ಲಿ ಗಾಳಿ ಇದೆ ಎಂದು ಅವನ ತೋಳಿಗೆ ಅಂತ್ರ ಕಟ್ಟಿಸಿಕೊಂಡು ಬಂದಳು. ಕಟ್ಟಿದವರು ಆ ನೆಲವನ್ನು ಮತ್ತೆ ತುಳಿಯಬಾರದು ಎಂದಿದ್ದರು. ಯಾವತ್ತೂ ಎದುರಾಡದ ಚಂದ್ರು ಅವತ್ತು ಒಪ್ಪಲಿಲ್ಲ. "ಅಲ್ಲಿ ಇಳಿದ್ರೇನೇ ನಂಗೆ ಸರಿಹೋಗೋದವ್ವ" ಎಂದ. ಯಾಕೆ ಎಂದು ನಾನು ಕೇಳಬಹುದಿತ್ತು. ಕೇಳದೆ, ಅವನ ಕೈ ಎಳೆದು ನನ್ನ ತಲೆಯ ಮೇಲಿಟ್ಟುಕೊಂಡು, "ಇನ್ಮೇಲೆ ಅಲ್ಲಿ ಕಾಲಿಡಲ್ಲ ಅಂತ ನನ್ನ ಮೇಲೆ ಆಣೆ ಮಾಡು" ಎಂದೆ. ಹೀಗಾದರೂ ಈ ಗೋಳು ನಿಲ್ಲಲಿ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಅವನು ಆಣೆ ಮಾಡಿದ.

ಇಳಿಯದೆ ಬಸ್ಸಿನಲ್ಲಿ ಕೂರುವುದು ಅವನಿಂದಾಗಲಿಲ್ಲ. ಹಳೆಯ ಬೈಕೊಂದನ್ನು ತೆಗೆದುಕೊಂಡು, ಆ ಕ್ರಾಸನ್ನು ತಪ್ಪಿಸಿ, ಅಂಬ್ಲಿಗೊಳ, ಉಳವಿ ಕಡೆಯಿಂದ ಬಳಸಿಕೊಂಡು ಹೋಗತೊಡಗಿದ. ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ದಟ್ಟ ಮಂಜಿನಲ್ಲಿ, ದಾರಿಬದಿ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಹಿಂದಿನಿಂದ ಗುದ್ದಿದ. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಉಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅವನಿಗೆ.

ಐದು ತಿಂಗಳಾದ ಮೇಲೆ, ಅಂಗಡಿಯಲ್ಲೇ ಉಳಿದಿದ್ದ ಅವನ ಬಟ್ಟೆ, ಊಟದ ಡಬ್ಬಿ ತರಲು ನಾನು ಸೊರಬಕ್ಕೆ ಹೊರಟೆ. ಮಧ್ಯಾಹ್ನದ ಬಸ್ಸು, ಅರ್ಧ ಖಾಲಿ. ಆ ಜಾಗವನ್ನು ಕಣ್ಣಿಂದ ನೋಡಬಾರದೆಂದು ಶಿರಾಳಕೊಪ್ಪದಲ್ಲೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಹಾಗೇ ನಿದ್ದೆ ಹತ್ತಿತು.

ಎಚ್ಚರವಾದದ್ದು ನನ್ನದೇ ಎದೆಬಡಿತಕ್ಕೆ. ಎಡಗೈಯ ಕಿರುಬೆರಳು ಜುಮುಗುಟ್ಟುತ್ತಿತ್ತು. ನೋಡನೋಡುತ್ತಿದ್ದಂತೆ ಎರಡೂ ಕೈ ಮರಗಟ್ಟಿದವು. ಬೆನ್ನ ಮೇಲೆ ತಣ್ಣನೆಯ ಬೆವರು. ಎಷ್ಟು ಎಳೆದುಕೊಂಡರೂ ಉಸಿರು ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ. ಹಾರ್ಟ್ ಅಟ್ಯಾಕೇ ಎಂದುಕೊಂಡೆ, ಅವ್ವನಿಗೆ ಇನ್ನು ಯಾರು ದಿಕ್ಕು ಎಂದುಕೊಂಡೆ. ಬಸ್ಸು ನಿಂತಿತು. ನಾನು ತಡವರಿಸಿಕೊಂಡು ಇಳಿದು ರಸ್ತೆಬದಿಯ ಕಲ್ಲಿನ ಮೇಲೆ ಕುಸಿದೆ. ತಲೆ ಎತ್ತಿದರೆ ಅದೇ ಕ್ರಾಸಿನ ಬೋರ್ಡು.

ಆಮೇಲೆ ಆದದ್ದನ್ನು ಹೇಳಲು ಇಂದಿಗೂ ಸಂಕೋಚ. ನನ್ನ ಬಾಯಿ ತಾನೇ ತಾನಾಗಿ ಎಣಿಸತೊಡಗಿತು. ಉಸಿರು ಎಳೆದುಕೊಳ್ಳುತ್ತ, ಲಾಭ, ಎರಡು, ಮೂರು, ನಾಲ್ಕು. ಬಿಡುತ್ತ, ಹೋಗ್ಲಿ, ಎರಡು, ಮೂರು, ನಾಲ್ಕು, ಐದು, ಆರು. ಮತ್ತೆ ಲಾಭ, ಮತ್ತೆ ಹೋಗ್ಲಿ. ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಹೋಗ್ಲಿ ಎಂದು ಎಣಿಸುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಹತ್ತು ಹದಿನೈದು ಸಲ ಎಣಿಸುವಷ್ಟರಲ್ಲಿ ಬೆರಳು ಸಡಿಲವಾದವು, ಉಸಿರು ಕೆಳಗಿಳಿಯಿತು.

ಕಲ್ಲಿನ ಪಕ್ಕದಲ್ಲೊಂದು ಮಂಡಕ್ಕಿ ಅಂಗಡಿ ಇತ್ತು. ಅದರ ಮುದುಕಿ ಅಳತೆಯ ಪಾವನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡುತ್ತ ನಿಂತಿದ್ದಳು.

"ಹಿಂಗೆ ಎಣಸದನ್ನ ನಿಮಗೆ ಯಾರು ಹೇಳ್ಕೊಟ್ರು?" ಎಂದಳು.

ಅವಳೇ ಬಂದು ಪಕ್ಕದಲ್ಲಿ ಕೂತಳು. "ಮೋಟಾರ್ ರಿಪೇರಿ ಹುಡುಗ ಒಬ್ಬ ಇಲ್ಲೇ ಇಳಿತಿದ್ದ. ಇದೇ ಕಲ್ಲ ಮೇಲೆ ಕೂತು ಹಿಂಗೇ ಬೆವರ್ತಿದ್ದ. ನಂಗೇನು ಔಷಧಿ ಗೊತ್ತು? ಪಾವು ಕೊಟ್ಟು, ಮಂಡಕ್ಕಿ ಅಳಿ ಅಂದೆ. ತುಂಬ್ವಾಗ ಲಾಭ ಅಂತ ಉಸಿರು ತಗ, ಸುರಿವಾಗ ಹೋಗ್ಲಿ ಅಂತ ಬಿಡು ಅಂದೆ. ಹೋಗ್ಲಿ ಅನ್ನದು ನಾನೇ ಸೇರ್ಸಿದ್ದು. ಬೇರೆ ಯಾರೂ ಹಂಗೆ ಎಣಸಲ್ಲ."

ಅವಳು ಪಾವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಮನೇಲಿ ಹೇಳು, ಯಾರಾದ್ರೂ ಹಿಂಗೆ ಪಕ್ಕ ಕೂರ್ತಾರೆ ಅಂದ್ರೆ, ಅಕ್ಕ ಬೈತಾಳೆ ಅಂತಿದ್ದ. ಈಗ ಬರದೆ ಸುಮಾರು ದಿನ ಆತು. ಆರಾಮದಾನಾ? ನೀವು ಅವನಿಗೆ ಏನಾಗಬೇಕು?"

"ಗೊತ್ತಿರೋರು ಅಷ್ಟೇ" ಎಂದೆ. "ಆರಾಮಿದಾನೆ."

ಮುದುಕಿಯ ಮುಖ ಅರಳಿತು. ಇನ್ನೇನು ಬೇಕು, ಹುಷಾರಾದ್ನಲ್ಲ ಎನ್ನುತ್ತ ಎರಡು ಪಾವು ಮಂಡಕ್ಕಿ ಕಟ್ಟಿ, ಅವನಿಗೆ ಕೊಡಿ ಎಂದು ನನ್ನ ಕೈಗಿಟ್ಟಳು. ನಾನು ತೆಗೆದುಕೊಂಡೆ. ಸೊರಬಕ್ಕೆ ಹೋಗಲಿಲ್ಲ, ಎದುರಿಗೆ ಬಂದ ಬಸ್ಸು ಹತ್ತಿ ವಾಪಸು ಬಂದೆ.

ಇದಾಗಿ ಮೂರು ವರ್ಷವಾಯಿತು. ಆಮೇಲೂ ನಾಲ್ಕೈದು ಸಲ ಬಂದಿದೆ. ಈಗ ಅದರ ಗುರುತು ಸಿಗುತ್ತದೆ. ಮೊದಲು ಕಿರುಬೆರಳು, ಆಮೇಲೆ ಎದೆ, ಕೊನೆಗೆ ಸಾವಿನ ಭಯ. ಮಿಷನ್ ನಿಲ್ಲಿಸಿ ಕೂತು ಎಣಿಸುತ್ತೇನೆ, ಸ್ವಲ್ಪ ಹೊತ್ತಿಗೆ ತಗ್ಗುತ್ತದೆ. ಅದೇ ಶಿವಮೊಗ್ಗದ ಡಾಕ್ಟರಿಗೂ ತೋರಿಸಿಕೊಂಡೆ. ಆ ಜಾಗದಲ್ಲಿ ನಿಮಗೆ ಹಾಗಾದದ್ದರಲ್ಲಿ ಆಶ್ಚರ್ಯವಿಲ್ಲ, ದುಃಖ ಮೈಯಲ್ಲಿ ಕೂತಿರುತ್ತದೆ ಎಂದರು. ಎಣಿಕೆಯ ವಿಷಯ ಕೇಳಿದ್ದಕ್ಕೆ, ನಿಮ್ಮ ತಮ್ಮ ಮನೆಯಲ್ಲೂ ಎಣಿಸಿಕೊಂಡಿರಬಹುದು, ನೀವು ನಿದ್ದೆಗಣ್ಣಿನಲ್ಲಿ ಕೇಳಿಸಿಕೊಂಡು ಮರೆತಿರಬಹುದು ಎಂದರು.

ಇರಬಹುದು. ನಮ್ಮಿಬ್ಬರ ಕೋಣೆಗಳ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಹಾಗಿದ್ದರೆ, ಆಚೆ ನನ್ನ ತಮ್ಮ ಒಬ್ಬನೇ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದದ್ದು ನನಗೆ ಕೇಳಿಸಿತ್ತು, ನಾನು ಮಗ್ಗುಲು ಬದಲಿಸಿ ಮಲಗಿದ್ದೆ ಎಂದಾಯಿತು. ಇಲ್ಲದಿದ್ದರೆ, ಅವತ್ತು ಆ ಕಲ್ಲಿನ ಮೇಲೆ ಅವನೇ ಬಂದು ನನ್ನ ಪಕ್ಕ ಕೂತು ಎಣಿಸಿಕೊಟ್ಟ. ಯಾವುದು ನಿಜವೋ ನನಗೆ ಗೊತ್ತಿಲ್ಲ. ಅವನು ಬಂದಿದ್ದನೆಂಬುದೇ ನಿಜವಾಗಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ.