ಇಂಜಿನಿಯರ್ರು ಪಂಕ್ಚರ್ ಹಾಕಿದ ಮಧ್ಯಾಹ್ನ

ಓಣಿಯವರು ಅವರನ್ನು ಇಂಜಿನಿಯರ್ರು ಎಂದು ಕರೆಯುತ್ತಿದ್ದರು. ಓದಿದ್ದು ಇಂಜಿನಿಯರಿಂಗ್ ಅಲ್ಲ, ಮಾಡಿದ್ದೂ ಆ ಕೆಲಸವಲ್ಲ. ಯಾವುದೋ ಕಚೇರಿಯ ಟಪಾಲು ವಿಭಾಗದಲ್ಲಿ ಲಕೋಟೆಗಳಿಗೆ ಮೊಹರು ಒತ್ತುತ್ತಲೇ ನಿವೃತ್ತರಾಗಿ ಮನೆಗೆ ಬಂದವರು. ಆ ಹೆಸರಿನಲ್ಲಿ ಗೇಲಿಯಿದೆ ಎಂಬುದು ಓಣಿಯ ನಾಯಿಗೂ ತಿಳಿದಿತ್ತು, ಅವರೊಬ್ಬರಿಗೆ ಬಿಟ್ಟು. ಯಾರಾದರೂ ‘ಏನ್ ಇಂಜಿನಿಯರ್ರೇ’ ಅಂದುಬಿಟ್ಟರೆ ಆ ದಿನವೆಲ್ಲ ನೆಲ ಬಿಟ್ಟು ಒಂದು ಗೇಣು ಮೇಲೇ ಓಡಾಡುತ್ತಿದ್ದರು.

ಅವರು ಕೈ ಹಾಕಿದ ಯಾವ ವಸ್ತುವೂ ಮೊದಲಿನಂತೆ ಉಳಿದದ್ದಿಲ್ಲ. ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ರಿಪೇರಿ ಮಾಡಿದರು, ಅದು ಸುರಿಯತೊಡಗಿತು. ಕರಕರ ಎನ್ನುತ್ತಿದ್ದ ಫ್ಯಾನನ್ನು ಇಳಿಸಿ ಏರಿಸಿದರು, ಅದರ ಶಬ್ದ ನಿಂತಿತು, ತಿರುಗುವುದೂ ನಿಂತಿತು. ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿ ಜೋಡಿಸಿದ ಮೇಲೆ ಕೈಯಲ್ಲಿ ಉಳಿದ ಸ್ಕ್ರೂಗಳನ್ನು ತೋರಿಸಿ, “ಕಂಪನಿಯವರು ಸುಮ್ನೆ ದಂಡಕ್ಕೆ ಹಾಕಿರ್ತಾರೆ ಇವನ್ನೆಲ್ಲ” ಅಂದರು. ನಾಚಿಕೆ ಎನ್ನುವುದು ಆ ಮನುಷ್ಯನ ಹತ್ತಿರ ಸುಳಿದದ್ದೇ ಇಲ್ಲ.

ಇದನ್ನೆಲ್ಲ ನೋಡಿ ನೋಡಿ ರೋಸಿಹೋಗಿದ್ದವಳು ಸೊಸೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು. ಮಾವನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನ ಮುಂದೆ ಹೇಳಿಕೊಂಡರೆ ಆ ಮಹಾಶಯ, “ಅಪ್ಪನ ಸ್ವಭಾವ ನಿಂಗೊತ್ತಲ್ಲ, ಬಿಡು” ಎಂದು ಮಗ್ಗುಲು ಬದಲಿಸುತ್ತಿದ್ದ. ಆದರೆ ಅವಳ ನಿಜವಾದ ತಾತ್ಸಾರ ಅತ್ತೆಯ ಮೇಲಿತ್ತು. ಗಂಡ ಏಣಿ ಹತ್ತಿದರೆ ಏಣಿ ಹಿಡಿದುಕೊಂಡು ನಿಲ್ಲುವುದು, ತಂತಿ ಕೊಯ್ದರೆ ಟಾರ್ಚ್ ಹಿಡಿಯುವುದು, ಬೈದರೆ ಬೈಸಿಕೊಳ್ಳುವುದು, ಇಷ್ಟೇ ಆಕೆಯ ಜೀವಮಾನದ ಕೆಲಸ. ಒಂದು ದಿನವಾದರೂ ‘ಅದು ಹಾಗಲ್ಲ’ ಅಂದದ್ದಿಲ್ಲ. ತಲೆಯೊಳಗೆ ಏನಾದರೂ ಇದ್ದರಲ್ಲವೇ ಅನ್ನುವುದಕ್ಕೆ ಎಂದು ಸೊಸೆ ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

ಸೊಸೆ ಕೆಲಸಕ್ಕೆ ಹೋಗಿಬರುತ್ತಿದ್ದದ್ದು ಮಾವನ ಹಳೆಯ ಸ್ಕೂಟರಿನಲ್ಲಿ. ಅದರ ಹಿಂದಿನ ಚಕ್ರದ ಗಾಳಿ ಕೆಲವು ದಿನಗಳಿಂದ ಮೆಲ್ಲಗೆ ಇಳಿಯುತ್ತಿತ್ತು. ಮೂಲೆಯ ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋಗುತ್ತೇನೆ ಎಂದದ್ದೇ ತಡ, ಮಾವ ಕೆರಳಿದರು.

“ಅವನ ಹತ್ರನಾ? ಒಂದು ತೂತು ತೋರಿಸಿದ್ರೆ ನಾಲ್ಕು ಮಾಡಿ ಕಳಿಸ್ತಾನೆ. ಮನೇಲಿ ನಾನೊಬ್ಬ ಇದೀನಿ ಅನ್ನೋದು ನೆನಪಿರಲಿ.”

ನೆನಪಿಲ್ಲದೆ ಏನು, ಮರೆಯಲು ಬಿಟ್ಟರಲ್ಲವೇ! ಸೊಸೆ ಆ ಚಕ್ರ ಬಿಚ್ಚಿಟ್ಟು, ಸ್ಟೆಪ್ನಿ ಹಾಕಿಕೊಂಡು ಆಸ್ಪತ್ರೆಗೆ ಹೊರಟುಹೋದಳು.

ಮಧ್ಯಾಹ್ನ ಅವಳು ಬರುವ ಹೊತ್ತಿಗೆ ಹಿತ್ತಲಲ್ಲಿ ಇಂಜಿನಿಯರ್ರ ಕಾರ್ಖಾನೆ ತೆರೆದಿತ್ತು. ನೀರಿನ ಬಕೀಟು, ಪಂಪು, ಪಾನಾ, ಸೊಲ್ಯೂಷನ್ ಟ್ಯೂಬು, ಸೀಮೆಸುಣ್ಣ ಎಲ್ಲವೂ ಮದುವೆಯ ಸಾಮಾನಿನಂತೆ ಹರಡಿದ್ದವು. ಮಧ್ಯೆ ಚಕ್ರ. ಚಕ್ರದ ಈಚೆಗೆ ಮಾವ. ಆಚೆಗೆ ಅತ್ತೆ ಕುಕ್ಕರುಗಾಲಲ್ಲಿ ಕೂತು, ಎರಡು ಕೈಯಲ್ಲೂ ರಿಮ್ಮನ್ನು ಅವುಚಿ ಹಿಡಿದಿದ್ದರು. ಮುಖ ರಿಮ್ಮಿನ ನೇರಕ್ಕೇ ಇತ್ತು. ರಿಮ್ಮಿನ ಒಂದು ನಟ್ಟು ಬಿಚ್ಚಿ ಪಕ್ಕದ ಬಟ್ಟಲಿಗೆ ಬಿದ್ದಿತ್ತು, ಮಾವ ಮುಂದಿನದಕ್ಕೆ ಪಾನಾ ಹಾಕಿ ತಿಣುಕುತ್ತಿದ್ದರು.

ಸೊಸೆಯ ಕಣ್ಣು ಟೈರಿನ ಮೇಲೆ ಬಿತ್ತು. ಅದು ಗಟ್ಟಿಯಾಗಿ ಉಬ್ಬಿ ನಿಂತಿತ್ತು.

“ಮಾವ, ಗಾಳಿ ತುಂಬಿದೆ!”

“ತುಂಬಿದೆ ಅಲ್ಲಮ್ಮ, ತುಂಬಿಸಿದೀನಿ. ನೀರಲ್ಲಿ ಅದ್ದಿ ತೂತು ಎಲ್ಲಿದೆ ಅಂತ ಕಂಡುಹಿಡಿದು ಗುರುತು ಹಾಕಿದೀನಿ, ನೋಡು.”

“ಕಂಡುಹಿಡಿದಾಯ್ತಲ್ಲ, ಬಿಟ್ಟುಬಿಡಿ. ಗಾಳಿ ಇಟ್ಕೊಂಡು ನಟ್ಟು ಬಿಚ್ಚಬಾರದು.”

“ಗಾಳಿ ಇದ್ರೇನೇ ಚಕ್ರ ಗಟ್ಟಿಯಾಗಿ ನಿಲ್ಲೋದು, ಪಾನಾಗೆ ಹಿಡಿತ ಸಿಗೋದು. ಮೆತ್ತಗಾದ್ಮೇಲೆ ಬಿಚ್ಚೋಕೆ ಹೋಗ್ತಾರೆ ಈ ಅಂಗಡಿ ದಡ್ಡರು. ಲೇ, ನೀನು ಸರಿಯಾಗಿ ಹಿಡ್ಕೋ.”

ಅತ್ತೆ ಇನ್ನಷ್ಟು ಬಾಗಿ ಹಿಡಿದರು.

ಆ ಹಳೆಯ ಸ್ಕೂಟರಿನ ರಿಮ್ಮು ಎಂದರೆ ಎರಡು ಕಬ್ಬಿಣದ ತಟ್ಟೆಗಳನ್ನು ಎದುರುಬದುರು ಇಟ್ಟು ನಟ್ಟು ಬಿಗಿದದ್ದು. ಒಳಗೆ ಗಾಳಿ ತುಂಬಿದ ಟ್ಯೂಬು ಅವೆರಡನ್ನೂ ಹೊರಕ್ಕೆ ನೂಕುತ್ತಲೇ ಇರುತ್ತದೆ. ನಟ್ಟುಗಳು ಸಡಿಲಾದರೆ ತಟ್ಟೆ ಸಿಡಿಯುತ್ತದೆ. ಹೀಗೆ ಸಿಡಿದ ರಿಮ್ಮಿನಿಂದ ದವಡೆ ಒಡೆದುಕೊಂಡ ಒಬ್ಬನನ್ನು ಅವಳ ವಾರ್ಡಿಗೆ ತಂದಿದ್ದರು. ಅವನು ತನ್ನ ಹೆಸರನ್ನು ಕೂಡ ಹೇಳಲಾಗದೆ ಕೈಸನ್ನೆ ಮಾಡಿದ್ದ. ಅವನ ಮುಖವನ್ನು ಒರೆಸಿದವಳು ಅವಳೇ.

ಮಾವನಿಗೆ ಬುದ್ಧಿ ಹೇಳುವ ಹೊತ್ತು ಇದಲ್ಲ, ಹೇಳಿದರೆ ಹಟಕ್ಕೆ ಬಿದ್ದು ಇನ್ನೂ ಬೇಗ ಬಿಚ್ಚುವ ಜಾತಿ. ಸೊಸೆ ಅತ್ತೆಯ ಭುಜಕ್ಕೆ ಕೈ ಹಾಕಿ ಹಿಂದಕ್ಕೆ ಎಳೆದಳು. ಎಳೆದ ರಭಸಕ್ಕೆ ಆಕೆ ಕೂತಲ್ಲಿಂದ ಉರುಳಿದರು. ಸೊಸೆ ತಲೆಯ ಪಿನ್ನು ಕಿತ್ತು, ಚಕ್ರದ ಪಕ್ಕಕ್ಕೆ ನಿಂತು, ಕೈ ಮಾತ್ರ ಚಾಚಿ ವಾಲ್ವಿನ ಸೂಜಿಯನ್ನು ಒತ್ತಿ ಹಿಡಿದಳು. ಬುಸ್ಸೆಂದು ಗಾಳಿ ಹೊರಬಿತ್ತು. ಟೈರು ಕೈಯಲ್ಲಿ ಅಮುಕಿದರೆ ತಗ್ಗುವಷ್ಟು ಮೆತ್ತಗಾಗುವವರೆಗೂ ಬಿಡಲಿಲ್ಲ.

“ಕೆಡಿಸಿದೆ! ಎಲ್ಲಾ ಲೆಕ್ಕ ಕೆಡಿಸಿದೆ! ಆ ಗಾಳಿ ತುಂಬೋಕೆ ಎಷ್ಟು ಹೊತ್ತು ಪಂಪ್ ಹೊಡೆದಿದೀನಿ ಗೊತ್ತಾ ನಿಂಗೆ?” ಮಾವ ಕೂಗಾಡಿದರು.

ಗದ್ದಲ ಕೇಳಿ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. “ಏನಾಯ್ತು ಇಂಜಿನಿಯರ್ರೇ?”

ಮಾವನ ಮುಖ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಯಿತು. “ಏನಿಲ್ಲ, ಸೊಸೆಗೆ ಹೇಳಿಕೊಡ್ತಾ ಇದ್ದೆ. ಗಾಳಿ ಪೂರ್ತಿ ಬಿಡದೆ ರಿಮ್ಮಿನ ನಟ್ಟು ಮುಟ್ಟಬಾರದು ನೋಡಿ. ಈಗಿನವರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು!”

ಸೊಸೆಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಚಪ್ಪಲಿಗೆ ಅಂಟಿದ ಹೊಲಸನ್ನು ಕಂಡಾಗ ಆಗುವಂಥದ್ದು ಏನೋ ಆಯಿತು. ಗಾಳಿ ಹೋದ ಚಕ್ರದಿಂದ ಇನ್ನು ಯಾರಿಗೂ ಏನೂ ಆಗುವಂತಿರಲಿಲ್ಲ. ಏನಾದರೂ ಮಾಡಿಕೊಂಡು ಸಾಯಲಿ ಎಂದು ಅತ್ತೆಯನ್ನು ಎಬ್ಬಿಸಿಕೊಂಡು ಒಳಗೆ ನಡೆದಳು.

ಅಡುಗೆಮನೆಯಲ್ಲಿ ಅತ್ತೆಯನ್ನು ಕೂರಿಸಿ, ತರಚಿದ ಮೊಣಕೈಯನ್ನು ತೊಳೆದಳು. ತೊಳೆಯುತ್ತಲೇ ಮಂಗಳಾರತಿ ಶುರುವಾಯಿತು.

“ಹಿಡ್ಕೋ ಅಂದ್ರೆ ಹಿಡ್ಕೊಂಡುಬಿಡೋದಾ? ಏನು ಎತ್ತ ಅಂತ ನೋಡೋದು ಬೇಡ್ವಾ? ಹಲ್ಲು ಉದುರಿದ್ರೆ, ಕಣ್ಣು ಹೋಗಿದ್ರೆ? ಅದ್ರಲ್ಲಿ ಗಾಳಿ ಇರೋದೂ ಕಾಣ್ಲಿಲ್ವಾ ನಿಮಗೆ?”

“ಕಾಣ್ತು,” ಅಂದರು ಅತ್ತೆ.

ಸೊಸೆಯ ಕೈ ನಿಂತಿತು.

“ಹಿಡ್ಕೊಂಡಾಗಲೇ ಹೆಬ್ಬೆರಳಲ್ಲಿ ಒತ್ತಿ ನೋಡಿದ್ದೆ, ಕಲ್ಲಿನ ಹಾಗಿತ್ತು. ಮೊದಲನೇ ನಟ್ಟು ಬಿಚ್ಚಿದಾಗ ರಿಮ್ಮು ಕಿರ್ ಅಂತು. ಇದು ಹಾರತ್ತೆ ಅಂತ ಅಂದ್ಕೊಂಡೆ. ಕಣ್ಣು ಮುಚ್ಕೊಂಡು ಕೂತಿದ್ದೆ.”

“ಮತ್ತೆ ಹೇಳಬಾರದಾಗಿತ್ತಾ ಅತ್ತೆ?”

“ಹೇಳಿದ್ರೆ ಸಂಜೆ ತನಕ ಬೈತಿದ್ರು,” ಅಂದರು ಅತ್ತೆ. ತರಕಾರಿ ಬಲಿತಿದೆ ಎನ್ನುವಷ್ಟು ಸಹಜವಾಗಿ. “ಅದಕ್ಕಿಂತ ಇದು ಒಂದು ಗಳಿಗೇಲಿ ಮುಗಿದುಹೋಗತ್ತೆ ಅನ್ನಿಸ್ತು.”

ಇಷ್ಟು ವರ್ಷ ಆಕೆಯನ್ನು ಪೆದ್ದಿ ಎಂದು ತಳ್ಳಿಹಾಕಿದ್ದಕ್ಕೆ ಸೊಸೆಗೆ ನಾಚಿಕೆಯಾಯಿತು. ಹತ್ತಿ ಹಿಂಡಿ, ಗಾಯಕ್ಕೆ ಒತ್ತಿದಳು.

ಹಿತ್ತಲಲ್ಲಿ ಪಾನಾ ಟಣ್ ಟಣ್ ಎನ್ನುತ್ತಿತ್ತು. ಬಹಳ ಹೊತ್ತಿನ ಮೇಲೆ ಅದು ನಿಂತು, ಮಾವನ ಗಂಟಲು ಕೇಳಿಸಿತು.

“ಏಯ್, ಎಲ್ಲಿ ಸತ್ತೆ? ತೂತು ಮುಚ್ಚಿ ರಿಮ್ಮಿನ ತಟ್ಟೆ ಎರಡೂ ಜೋಡಿಸಿಟ್ಟಿದೀನಿ. ಬಂದು ಪಂಪ್ ಹೊಡಿ. ನೀನು ಗಾಳಿ ತುಂಬಿಸ್ತಾ ಇರು, ಅಷ್ಟರೊಳಗೆ ನಾನು ಒಂದೊಂದೇ ನಟ್ಟು ಹಾಕ್ಕೊಂಡು ಬರ್ತೀನಿ. ಎರಡು ಕೆಲಸಾನೂ ಒಟ್ಟಿಗೆ ಆಗಿಹೋಗತ್ತೆ.”

ಅತ್ತೆ ಆಗಲೇ ಎದ್ದು ನಿಂತಿದ್ದರು. ಸೊಸೆ ಎರಡೂ ಕೈಯಲ್ಲಿ ಆಕೆಯ ಮುಂಗೈಯನ್ನು ಬಿಗಿಯಾಗಿ ಹಿಡಿದಳು. ಆ ಕೈ ಬಾಗಿಲ ಕಡೆಗೇ ಎಳೆಯುತ್ತಿತ್ತು.