ಸೂಜಿಗೆ ಮೊದಲು ಒಂದು ಚಿಂತೆ

ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಸೊರಬದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಯಂತ್ರದ ಪಕ್ಕ ನಾಲ್ಕು ತಾಸು ಮಲಗುವುದು ಕಷ್ಟವಲ್ಲ. ಅದಕ್ಕೂ ಮೊದಲು ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚುತ್ತಾರಲ್ಲ, ಅದು ಕಷ್ಟ. ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಐಸ್ ಉಜ್ಜಿಕೊಂಡರೆ ನೋವು ಕಡಿಮೆ ಅನಿಸುತ್ತದೆ ಎಂದು ಸಿಸ್ಟರ್ ಹೇಳಿದ್ದರು. ಮುಂದಿನ ಸಲ ಮನೆಯಿಂದಲೇ ಫ್ಲಾಸ್ಕಿನಲ್ಲಿ ಐಸ್ ತುಂಬಿಕೊಂಡು ಹೊರಟೆ. ಕರಗಿತೋ ಏನೋ ಎಂದು ಸ್ಟಾಪು ಸ್ಟಾಪಿಗೂ ಮುಚ್ಚಳ ತೆಗೆದು ನೋಡಿದೆ. ಶಿರಾಳಕೊಪ್ಪ ದಾಟುವಷ್ಟರಲ್ಲಿ ನೋಡಲು ಏನೂ ಉಳಿದಿರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಅಂಜನಾಪುರದ ಕಡೆಯ, ಕುರಿ ಸಾಕುವ ಮನೆಯ ಹಿರಿಯ ಹೆಂಗಸೊಬ್ಬರಿದ್ದರು. ನಾನು ಫ್ಲಾಸ್ಕಿನ ನೀರಿಗೆ ಬೆರಳು ಅದ್ದುವುದನ್ನು ನೋಡಿ ನಕ್ಕರು. ಉಣ್ಣೆ ಕತ್ತರಿಸುವಾಗ ಕುರಿಯನ್ನು ಬರೀ ಹಿಡಿದುಕೊಂಡರೆ ಒದೆಯುತ್ತದಂತೆ. ಒಬ್ಬರು ತಲೆಯ ಹತ್ತಿರ ಕೂತು ಅದರ ಜೊತೆ ಮಾತಾಡುತ್ತಲೇ ಇರಬೇಕಂತೆ.

"ಇವತ್ತೇನು ಚಿಂತಿ ತಮ್ಮಾ? ಒಂದೊಂದ ಹೇಳು, ನಾ ಕೇಳ್ತೀನಿ."

ಚಿಂತೆಗೇನು ಬರ ನನ್ನಲ್ಲಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದೆ. ವಾಸನೆ ಬಂದರೆ ನೆರೆಯವರಿಗೆ ಮೂಗಿಲ್ಲವೇ ಎಂದರು. ವಾಪಸ್ ಹೋಗುವ ಬಸ್ ತಪ್ಪಿದರೆ ಎಂದೆ. ತಪ್ಪಿದರೆ ಅವರ ಮನೆಯಲ್ಲಿ ರೊಟ್ಟಿ ಇದೆಯಂತೆ. ಮೂರನೆಯ ಚಿಂತೆ ಹುಡುಕುತ್ತಿದ್ದಾಗ ಸಿಸ್ಟರ್ ಆಗಲೇ ಟೇಪು ಅಂಟಿಸುತ್ತಿದ್ದರು. ನೋವಾಗಲಿಲ್ಲ ಎಂದರೆ ಸುಳ್ಳು. ನೋವಿಗಾಗಿ ಕಾದು ಕೂತಿರಲಿಲ್ಲ, ಅಷ್ಟೇ.

ಆಮೇಲೆ ಅವರಿಗೆಂದೇ ಚಿಂತೆಗಳನ್ನು ಕೂಡಿಡತೊಡಗಿದೆ. ಒಳ್ಳೆಯದೊಂದು ಸಿಕ್ಕರೆ ಹೆಂಡತಿಗೂ ಹೇಳುತ್ತಿರಲಿಲ್ಲ.

ಈಗ ಅವರು ದಾವಣಗೆರೆಯಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ. ಡಯಾಲಿಸಿಸ್ ಕೂಡ ಅಲ್ಲೇ. ಹೋಗುವ ಮುಂಚೆ ಫೋನ್ ನಂಬರ್ ಕೇಳಬೇಕೆಂದುಕೊಂಡೆ. ಏನು ತಿಳಿದುಕೊಳ್ಳುತ್ತಾರೋ ಎಂದು ಸುಮ್ಮನಾದೆ. ಅವರಿಗೆ ಹೇಳದೆ ಉಳಿಸಿಕೊಂಡ ಚಿಂತೆ ಅದೊಂದೇ.

ಅವರಿಲ್ಲದ ಮೊದಲ ದಿನ ಸಿಸ್ಟರ್ ಬಟ್ಟಲಲ್ಲಿ ಐಸ್ ಕೊಟ್ಟರು. ಫ್ರಿಜ್ ಅಲ್ಲೇ ಇತ್ತು, ನಾನು ಕೇಳಿರಲಿಲ್ಲ. ಐಸ್ ಒತ್ತಿಕೊಂಡು ಪಕ್ಕದ ಹಾಸಿಗೆಯ ಕಡೆ ತಿರುಗಿದೆ. ತಮಗೆ ಸೂಜಿ ಚುಚ್ಚುವಾಗ ಅವರು ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಆಗ ನಾನು ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ. ನಿಮಗೇನು ಚಿಂತೆ ಎಂದು ಒಂದು ದಿನವೂ ಕೇಳಲಿಲ್ಲವಲ್ಲ. ದಾವಣಗೆರೆಯಲ್ಲಿ ಅವರ ತಲೆಯ ಹತ್ತಿರ ಯಾರು ಕೂರುತ್ತಾರೆ? ಏನಂತ ಮಾತಾಡಿಸುತ್ತಾರೆ?

"ಆಯ್ತು ಸರ್, ಎರಡೂ ಹಾಕಿದೆ" ಎಂದರು ಸಿಸ್ಟರ್.

ಐಸ್ ಇನ್ನೂ ಅರ್ಧ ಉಳಿದಿತ್ತು.